ಇದ್ದಿಲು ಮತ್ತು ಸಂಸ್ಥಾನ: ಸರ್ ಎಂ. ವಿಶ್ವೇಶ್ವರಯ್ಯನವರ ಬದುಕಿನ ಒಂದು ಮರುಓದು

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಬದುಕನ್ನು ಕುರಿತು ಕನ್ನಡದಲ್ಲಿ ಬಂದಿರುವ ಬರಹಗಳು ಬಹುಮಟ್ಟಿಗೆ ನೀರನ್ನು ಕೇಂದ್ರವಾಗಿ ಇರಿಸಿಕೊಂಡಿವೆ. ಖಡಕ್‌ವಾಸ್ಲಾದ ಸ್ವಯಂಚಾಲಿತ ಬಾಗಿಲುಗಳು, ಹೈದರಾಬಾದಿನ ಮೂಸಿ ನದಿಯ ಪ್ರವಾಹ ನಿಯಂತ್ರಣ, ಕನ್ನಂಬಾಡಿಯ ಕಟ್ಟೆ ಇವು ಅವರ ಜೀವನಕಥನದ ಮುಖ್ಯ ಘಟ್ಟಗಳೆಂದು ಗುರುತಿಸಲ್ಪಟ್ಟಿವೆ. ಅವರ ವ್ಯಕ್ತಿತ್ವವನ್ನು ಕಟ್ಟಿಕೊಡುವ ಜನಪ್ರಿಯ ಐತಿಹ್ಯಗಳೂ ಇದೇ ಜಾಡಿನಲ್ಲಿವೆ. ಆದರೆ ಆಡಳಿತಗಾರರಾಗಿ ಅವರು ಎದುರಿಸಿದ ಅತ್ಯಂತ ಕಠಿಣವಾದ, ಅತಿ ಹೆಚ್ಚು ಟೀಕೆಗೆ ಗುರಿಯಾದ ಸಮಸ್ಯೆ ನೀರಿನದಲ್ಲ, ಬೆಂಕಿಯದು. ಕಲ್ಲಿದ್ದಲಿಲ್ಲದ ಸಂಸ್ಥಾನವೊಂದು ತನ್ನ ಕಬ್ಬಿಣವನ್ನು ತಾನೇ ಕರಗಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ 1918ರ ಹೊತ್ತಿಗೆ ಅವರ ಮುಂದಿತ್ತು. ಅದಕ್ಕೆ ಅವರು ಕಂಡುಕೊಂಡ ಉತ್ತರ ಇದ್ದಿಲು. ಈ ಉತ್ತರದ ಸಾಧ್ಯತೆ ಮತ್ತು ಮಿತಿಗಳ ಮೂಲಕ ಅವರ ಬದುಕನ್ನು ಮತ್ತೊಮ್ಮೆ ಓದುವುದು ಪ್ರಸ್ತುತ ಲೇಖನದ ಉದ್ದೇಶ.

ಇಲ್ಲಿ ಒಂದು ಭಾಷಿಕ ಸಂಗತಿಯನ್ನು ಗಮನಿಸಬೇಕು. ಇಂದು ವಿಜ್ಞಾನದ ಪರಿಭಾಷೆಯಾಗಿ ಬಳಕೆಯಲ್ಲಿರುವ ‘ಇಂಗಾಲ’ ಎಂಬ ಮಾತು ಕೆಂಡವೆಂಬ ಅರ್ಥದ ‘ಇಂಗಳ’ಕ್ಕೆ ಸಂಬಂಧಿಸಿದ್ದು. ಉರಿಯುತ್ತಿರುವಾಗ ಕೆಂಡ, ಆರಿದಾಗ ಇದ್ದಿಲು ಅಥವಾ ಇಜ್ಜಲು, ಹೊಗೆಯಾಗಿ ಕೂತಾಗ ಮಸಿ, ಕಣ್ಣಿಗೆ ಹಚ್ಚಿದಾಗ ಕಾಡಿಗೆ ಹೀಗೆ ಒಂದೇ ದ್ರವ್ಯಕ್ಕೆ ಅದರ ಬಳಕೆಯನ್ನು ಅನುಸರಿಸಿ ಕನ್ನಡ ಹಲವು ಹೆಸರುಗಳನ್ನು ಕೊಟ್ಟಿದೆ. ಉರುವಲಾಗಿ ಇಂಗಾಲ ಬೇರೆ, ಪದಾರ್ಥವಾಗಿ ಇಂಗಾಲ ಬೇರೆ ಎಂಬ ತಿಳಿವಳಿಕೆ ಈ ಹೆಸರುಗಳಲ್ಲಿಯೇ ಅಡಗಿದೆ. ಕಬ್ಬಿಣದ ಚರಿತ್ರೆಯಲ್ಲಿ ಈ ಭೇದ ನಿರ್ಣಾಯಕವಾದುದು.

1. ಮುದ್ದೇನಹಳ್ಳಿಯಿಂದ ಮೈಸೂರಿಗೆ

ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದರು. 1860 ಎಂಬ ಗಣನೆಯೂ ರೂಢಿಯಲ್ಲಿದ್ದು, ಅವರ ಶತಮಾನೋತ್ಸವವು 1960ರಲ್ಲಿ ಜರುಗಿತು. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ಪೂರ್ವಿಕರು ಆಂಧ್ರದ ಮೋಕ್ಷಗುಂಡಂನಿಂದ ಬಂದವರು, ಮನೆಮಾತು ತೆಲುಗು. ತಂದೆಯನ್ನು ಎಳೆಯ ವಯಸ್ಸಿನಲ್ಲಿಯೇ ಕಳೆದುಕೊಂಡ ಅವರು ಸೋದರಮಾವನ ಆಸರೆಯಲ್ಲಿ, ಮನೆಪಾಠ ಹೇಳಿಕೊಂಡು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿಯನ್ನು ಪಡೆದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. 1884ರಲ್ಲಿ ಬೊಂಬಾಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದ ಅವರು 1908ರವರೆಗೆ ಅಲ್ಲಿ ಸೇವೆ ಸಲ್ಲಿಸಿದರು. ಸಿಂಧ್‌ನ ಸುಕ್ಕೂರಿನ ನೀರು ಸರಬರಾಜು ವ್ಯವಸ್ಥೆ, ಏಡನ್ ನಗರದ ನೀರು ಮತ್ತು ಚರಂಡಿ ಯೋಜನೆ, 1903ರಲ್ಲಿ ಖಡಕ್‌ವಾಸ್ಲಾದಲ್ಲಿ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ಈ ಅವಧಿಯ ಕೆಲಸಗಳು.

ಈ ಕಾಲದ ಒಂದು ಸಂಗತಿಗೆ ವಿಶೇಷ ಮಹತ್ವವಿದೆ. 1898ರಲ್ಲಿ ಅವರು ಜಪಾನಿಗೆ ಪ್ರವಾಸ ಹೋದರು. ಕೆಲವೇ ದಶಕಗಳಲ್ಲಿ ಶಿಕ್ಷಣ ಮತ್ತು ಕೈಗಾರಿಕೆಗಳ ಮೂಲಕ ಸ್ವರೂಪವನ್ನೇ ಬದಲಿಸಿಕೊಂಡ ಆ ಏಷ್ಯನ್ ರಾಷ್ಟ್ರ ಅವರ ಚಿಂತನೆಯಲ್ಲಿ ಸ್ಥಾಯಿಯಾಗಿ ಉಳಿಯಿತು. ಕೃಷಿಯೊಂದನ್ನೇ ನೆಚ್ಚಿಕೊಂಡ ದೇಶ ಬಡತನದಿಂದ ಹೊರಬರಲಾರದು ಎಂಬ ನಿಲುವಿಗೆ ಅವರು ಬಂದದ್ದು ಈ ಹಿನ್ನೆಲೆಯಲ್ಲಿ. 1934ರಲ್ಲಿ ಪ್ರಕಟವಾದ, ಭಾರತದ ಯೋಜಿತ ಆರ್ಥಿಕತೆಯನ್ನು ಕುರಿತ ಅವರ ಇಂಗ್ಲಿಷ್ ಗ್ರಂಥಕ್ಕೂ ಇದೇ ನಿಲುವು ತಳಹದಿ.

1908ರಲ್ಲಿ ಸ್ವಇಚ್ಛೆಯಿಂದ ನಿವೃತ್ತರಾಗಿ ಹೈದರಾಬಾದಿನ ಪ್ರವಾಹ ಸಮಸ್ಯೆಯ ಅಧ್ಯಯನದಲ್ಲಿ ತೊಡಗಿದ್ದ ಅವರನ್ನು ಮೈಸೂರು ಸಂಸ್ಥಾನ ಮುಖ್ಯ ಎಂಜಿನಿಯರ್ ಹುದ್ದೆಗೆ ಆಹ್ವಾನಿಸಿತು. 1909ರ ನವೆಂಬರಿನಲ್ಲಿ ಅವರು ಅಧಿಕಾರ ವಹಿಸಿಕೊಂಡರು. ಮೂರು ವರ್ಷಗಳ ನಂತರ, 1912ರ ನವೆಂಬರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ನೇಮಿಸಿದರು.

2. ಕಲ್ಲಿದ್ದಲಿಲ್ಲದ ನಾಡು

ಅವರು ದಿವಾನರಾದ ವರ್ಷವೇ ಮೈಸೂರು ನಗರದ ಹೊಸ ಅರಮನೆಯ ನಿರ್ಮಾಣ ಪೂರ್ಣಗೊಂಡಿತು. 1897ರಲ್ಲಿ ರಾಜಕುಮಾರಿಯ ವಿವಾಹದ ಸಂದರ್ಭದಲ್ಲಿ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ, ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದಂತೆ ಕಲ್ಲು, ಇಟ್ಟಿಗೆ ಮತ್ತು ಕಬ್ಬಿಣದಲ್ಲಿ ಅದನ್ನು ಮತ್ತೆ ಕಟ್ಟಲಾಯಿತು. ಕಲ್ಯಾಣಮಂಟಪದ ಎರಕದ ಕಬ್ಬಿಣದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯ ಎರಕಶಾಲೆಯಲ್ಲಿ ಸಿದ್ಧವಾಗಿ ಹಡಗಿನಲ್ಲಿ ಬಂದವು. ಬಾಬಾಬುಡನ್ ಗಿರಿಗಳಲ್ಲಿ ಕಬ್ಬಿಣದ ಅದಿರಿನ ಬೆಟ್ಟಗಳನ್ನೇ ಹೊಂದಿದ್ದ ಸಂಸ್ಥಾನ ತನ್ನ ದೊರೆಯ ಮನೆಯ ಕಂಬಗಳಿಗಾಗಿ ಗ್ಲಾಸ್ಗೋವನ್ನು ಅವಲಂಬಿಸಬೇಕಾಗಿತ್ತು. ಇದು ಅಂದಿನ ಮೈಸೂರಿನ ಆರ್ಥಿಕ ಸ್ಥಿತಿಗೆ ಒಂದು ನಿದರ್ಶನ.

ಈ ಅವಲಂಬನೆಗೆ ವಸಾಹತುಶಾಹಿ ಮಾರುಕಟ್ಟೆಯೊಂದೇ ಕಾರಣವಲ್ಲ, ಭೂವಿಜ್ಞಾನದ ಕಾರಣವೂ ಉಂಟು. ಕರ್ನಾಟಕದ ಕಬ್ಬಿಣದ ಅದಿರನ್ನು ಒಳಗೊಂಡ ಧಾರವಾಡ ಶಿಲಾಸಮೂಹ ಸುಮಾರು 250 ಕೋಟಿ ವರ್ಷಗಳಿಗೂ ಹಳೆಯದು. ನೆಲದ ಮೇಲೆ ಮರಗಿಡಗಳು ಹುಟ್ಟುವ ಎಷ್ಟೋ ಮೊದಲೇ ರೂಪುಗೊಂಡ ಈ ಶಿಲೆಗಳಲ್ಲಿ ಕಲ್ಲಿದ್ದಲು ಇರುವುದು ಸಾಧ್ಯವಿಲ್ಲ. ಭಾರತದ ಮುಖ್ಯ ಕಲ್ಲಿದ್ದಲಿನ ನಿಕ್ಷೇಪಗಳು ಇದಕ್ಕಿಂತ ಬಹಳ ಈಚಿನ ಗೊಂಡ್ವಾನ ಶಿಲಾಸ್ತರಗಳಲ್ಲಿವೆ. ಝರಿಯಾ, ರಾಣಿಗಂಜ್‌ಗಳು ದೂರದ ಪೂರ್ವ ಭಾರತದಲ್ಲಿದ್ದರೆ, ಹತ್ತಿರದ್ದೆನ್ನಬಹುದಾದ ಸಿಂಗರೇಣಿ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಜೇಮ್‌ಶೆಟ್‌ಜಿ ಟಾಟಾ ಅವರ ಕಲ್ಪನೆಯ ಉಕ್ಕಿನ ಕಾರ್ಖಾನೆ ಸಾಕ್ಚಿಯಲ್ಲಿ ನೆಲೆಗೊಂಡು 1911ರಲ್ಲಿ ಕಬ್ಬಿಣ ಕರಗಿಸತೊಡಗಿದ್ದು ಅದಿರಿಗೂ ಕಲ್ಲಿದ್ದಲಿಗೂ ಸಮೀಪದ ಸ್ಥಳ ಅದಾಗಿದ್ದರಿಂದ. ಮೈಸೂರಿಗೆ ಆ ಅನುಕೂಲವಿರಲಿಲ್ಲ.

ಆದರೂ ಕಬ್ಬಿಣವನ್ನು ಕರಗಿಸುವ ವಿದ್ಯೆ ಈ ನೆಲಕ್ಕೆ ಹೊಸದಲ್ಲ. 1800-01ರಲ್ಲಿ ಸಂಸ್ಥಾನದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮಾಗಡಿ, ಮಧುಗಿರಿ ಸೀಮೆಗಳಲ್ಲಿ ನಡೆಯುತ್ತಿದ್ದ ಕಬ್ಬಿಣ ಮತ್ತು ಉಕ್ಕಿನ ಕಸುಬನ್ನು ವಿವರವಾಗಿ ದಾಖಲಿಸಿದ್ದಾನೆ. ಹಳ್ಳದ ಮರಳಿನಿಂದ ತೊಳೆದು ತೆಗೆದ ಕರಿಯ ಅದಿರನ್ನು ಇದ್ದಿಲಿನೊಡನೆ ಮಣ್ಣಿನ ಕುಲುಮೆಗೆ ಹಾಕಿ, ತಿದಿಯೊತ್ತಿ ಕಬ್ಬಿಣವನ್ನು ಪಡೆಯಲಾಗುತ್ತಿತ್ತು. ಉಕ್ಕು ಬೇಕಾದಾಗ ಆ ಕಬ್ಬಿಣದ ತುಂಡುಗಳನ್ನು ತಂಗಡಿ ಗಿಡದ ಕಡ್ಡಿ ಮತ್ತು ಹಸಿರೆಲೆಗಳ ಜೊತೆ ಮೂಸೆಯಲ್ಲಿಟ್ಟು, ಬಾಯಿಮುಚ್ಚಿ, ಇದ್ದಿಲಿನ ಬೆಂಕಿಯಲ್ಲಿ ಕಾಯಿಸುತ್ತಿದ್ದರು. ಮೂಸೆಯ ಹೊರಗಿನ ಇದ್ದಿಲು ಉರುವಲು, ಒಳಗಿನ ಕಡ್ಡಿ ಪದಾರ್ಥ. ಒಳಗಿನ ಕಡ್ಡಿಯ ಇಂಗಾಲ ಕಬ್ಬಿಣದಲ್ಲಿ ಬೆರೆತು ಅದನ್ನು ಉಕ್ಕಾಗಿಸುತ್ತಿತ್ತು. ಯೂರೋಪಿನಲ್ಲಿ ‘ವೂಟ್ಜ್’ ಎಂದು ಹೆಸರಾದದ್ದು ಈ ಬಗೆಯ ಉಕ್ಕು, ಆ ಹೆಸರು ಕನ್ನಡದ ‘ಉಕ್ಕು’ ಎಂಬ ಮಾತಿನಿಂದ ಬಂದಿತೆಂಬುದು ವಿದ್ವಾಂಸರಲ್ಲಿ ಪ್ರಚಲಿತವಾಗಿರುವ ಅಭಿಪ್ರಾಯ. ಹತ್ತೊಂಬತ್ತನೆಯ ಶತಮಾನದಲ್ಲಿ ಆಮದಾದ ಅಗ್ಗದ ಕಬ್ಬಿಣ ಮತ್ತು ಸೌದೆಯ ಮೇಲಿನ ಅರಣ್ಯ ನಿರ್ಬಂಧಗಳ ನಡುವೆ ಈ ಕಸುಬು ಕ್ಷೀಣಿಸಿತು.

ಕಲ್ಲಿದ್ದಲಿನ ಅಭಾವಕ್ಕೆ ಸಂಸ್ಥಾನ ಕಂಡುಕೊಂಡ ಮೊದಲ ಉತ್ತರ ನೀರು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಶಿವನಸಮುದ್ರದ ವಿದ್ಯುದಾಗಾರ 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಒದಗಿಸಿತು. ಗಣಿಯ ಯಂತ್ರಗಳನ್ನು ನಡೆಸಲು ಉರುವಲನ್ನು ಹೊರಗಿನಿಂದ ತರಿಸುವ ಅಗತ್ಯ ಇದರಿಂದ ತಗ್ಗಿತು. ಮೈಸೂರು ನಗರದ ಬೀದಿಗಳಿಗೆ 1908ರಲ್ಲಿ ವಿದ್ಯುದ್ದೀಪಗಳು ಬಂದವು. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರಾಗಿ 1911ರಲ್ಲಿ ಕೈಗೊಂಡ ಕನ್ನಂಬಾಡಿ ಯೋಜನೆಗೆ ನೀರಾವರಿಯಷ್ಟೇ ಮುಖ್ಯವಾದ ಇನ್ನೊಂದು ಉದ್ದೇಶವಿತ್ತು. ಬೇಸಿಗೆಯಲ್ಲಿ ಕಾವೇರಿಯ ಹರಿವು ಇಳಿದಾಗಲೂ ಶಿವನಸಮುದ್ರದ ಯಂತ್ರಗಳಿಗೆ ನೀರು ಸಿಗಬೇಕಾಗಿತ್ತು. ಹೀಗೆ ಕನ್ನಂಬಾಡಿಯ ಕಟ್ಟೆಯನ್ನೂ ಉರುವಲಿನ ಪ್ರಶ್ನೆಗೆ ದೊರೆತ ಒಂದು ಉತ್ತರವೆಂದು ಓದಬಹುದು. ಆದರೆ ಕಬ್ಬಿಣದ ಮಟ್ಟಿಗೆ ಈ ಉತ್ತರ ಸಾಲದು.

3. ಇಂಗಾಲದ ಮೂರು ಕೆಲಸಗಳು

ಸಾಲದೇಕೆಂಬುದನ್ನು ತಿಳಿಯಲು ಊದುಕುಲುಮೆಯೊಳಗೆ ಇಂಗಾಲ ಮಾಡುವ ಕೆಲಸಗಳನ್ನು ಬಿಡಿಸಿ ನೋಡಬೇಕು. ಮೊದಲನೆಯದಾಗಿ, ಗಾಳಿಯಲ್ಲಿ ಉರಿದು ಅದು ಶಾಖವನ್ನು ಕೊಡುತ್ತದೆ. ಎರಡನೆಯದಾಗಿ, ಹಾಗೆ ಉರಿದಾಗ ಉಂಟಾಗುವ ಇಂಗಾಲದ ಮಾನಾಕ್ಸೈಡ್ ಅನಿಲ ಅದಿರಿನಲ್ಲಿರುವ ಆಮ್ಲಜನಕವನ್ನು ಸೆಳೆದುಕೊಂಡು ಲೋಹವನ್ನು ಬಿಡುಗಡೆ ಮಾಡುತ್ತದೆ. ಮೂರನೆಯದಾಗಿ, ಸ್ವಲ್ಪ ಇಂಗಾಲ ಕರಗಿದ ಕಬ್ಬಿಣದಲ್ಲಿಯೇ ಉಳಿದು, ಅದು ಕರಗುವ ಉಷ್ಣತೆಯನ್ನು ತಗ್ಗಿಸಿ, ಅಚ್ಚಿಗೆ ಸಲೀಸಾಗಿ ಹರಿಯುವಂತೆ ಮಾಡುತ್ತದೆ. ಬೀಡು ಕಬ್ಬಿಣದಲ್ಲಿ ಶೇಕಡಾ ಮೂರರಿಂದ ನಾಲ್ಕರಷ್ಟು ಇಂಗಾಲವಿರುವುದು ಈ ಕಾರಣದಿಂದ. ಅದನ್ನು ಶೇಕಡಾ ಎರಡಕ್ಕಿಂತ ಕಡಿಮೆಗೆ ಇಳಿಸಿದರೆ ಉಕ್ಕು. ವಿದ್ಯುತ್ತು ಮೊದಲನೆಯ ಕೆಲಸವನ್ನಷ್ಟೇ ವಹಿಸಿಕೊಳ್ಳಬಲ್ಲುದು. ಉಳಿದೆರಡಕ್ಕೆ ಅಂದಿನ ಉದ್ಯಮದಲ್ಲಿ ಘನ ಇಂಗಾಲ ಬೇಕೇ ಬೇಕಾಗಿತ್ತು. ಜಲಶಕ್ತಿಯಲ್ಲಿ ಸಮೃದ್ಧವಾಗಿದ್ದ ಮೈಸೂರು ಕೂಡ ಈ ನಿರ್ಬಂಧದಿಂದ ಪಾರಾಗುವಂತಿರಲಿಲ್ಲ.

ಇಂಗ್ಲೆಂಡಿನಲ್ಲಿ 1709ರಲ್ಲಿ ಅಬ್ರಹಾಂ ಡಾರ್ಬಿ ಕಲ್ಲಿದ್ದಲಿನಿಂದ ಪಡೆದ ಕೋಕನ್ನು ಬಳಸಿ ಕಬ್ಬಿಣ ಕರಗಿಸಿದಂದಿನಿಂದ ಇದ್ದಿಲಿನ ಕುಲುಮೆಗಳು ನಿಧಾನವಾಗಿ ಹಿಂದೆ ಸರಿದಿದ್ದವು. ಕೋಕ್ ಗಟ್ಟಿಯಾದುದರಿಂದ ಎತ್ತರದ ಕುಲುಮೆಯಲ್ಲಿ ಮೇಲಿನ ಅದಿರಿನ ಭಾರವನ್ನು ತಡೆಯಬಲ್ಲುದು. ಇದ್ದಿಲು ಪುಡಿಯಾಗುತ್ತದೆ, ಆದ್ದರಿಂದ ಅದರ ಕುಲುಮೆಯ ಗಾತ್ರಕ್ಕೆ ಮಿತಿಯುಂಟು. ಆದರೆ ಇದ್ದಿಲಿಗೆ ಒಂದು ಗುಣವಿದೆ. ಅದರಲ್ಲಿ ಗಂಧಕದ ಅಂಶ ಅತ್ಯಲ್ಪವಾದುದರಿಂದ ದೊರೆಯುವ ಕಬ್ಬಿಣ ಹೆಚ್ಚು ಶುದ್ಧವಾಗಿರುತ್ತದೆ. ಕಾಡು ಸಮೃದ್ಧವಾಗಿದ್ದ ಸ್ವೀಡನ್ ಮತ್ತು ಅಮೆರಿಕದ ಮಿಶಿಗನ್ ಪ್ರದೇಶಗಳಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೂ ಇದ್ದಿಲಿನ ಕುಲುಮೆಗಳು ನಡೆಯುತ್ತಿದ್ದುದಕ್ಕೆ ಇದು ಕಾರಣ. ಮಲೆನಾಡಿನ ದಟ್ಟ ಕಾಡುಗಳನ್ನು ಹೊಂದಿದ್ದ ಮೈಸೂರಿಗೆ ಈ ಮಾದರಿ ಅನುಸರಣೀಯವಾಗಿ ಕಂಡದ್ದು ಸಹಜ.

4. ದಿವಾನಗಿರಿ ಮತ್ತು ಯುದ್ಧದ ವರ್ಷಗಳು

ವಿಶ್ವೇಶ್ವರಯ್ಯನವರ ಆರು ವರ್ಷಗಳ ದಿವಾನಗಿರಿ ಸಂಸ್ಥೆಗಳ ನಿರ್ಮಾಣದ ಕಾಲ. 1911ರಲ್ಲಿ ಆರಂಭವಾಗಿದ್ದ ಮೈಸೂರು ಸಂಪದಭ್ಯುದಯ ಸಮಾಜವು ಶಿಕ್ಷಣ, ಕೃಷಿ, ಕೈಗಾರಿಕೆಗಳ ಚರ್ಚೆಯ ವೇದಿಕೆಯಾಗಿ ಬೆಳೆಯಿತು. 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಸ್ಥಾಪನೆಗೊಂಡವು. ಇವುಗಳನ್ನು ಬಿಡಿಬಿಡಿಯಾಗಿ ನೋಡದೆ ಒಂದು ಯೋಜನೆಯ ಅಂಗಗಳಾಗಿ ನೋಡಬೇಕು. ಕಾರ್ಖಾನೆಗೆ ಬಂಡವಾಳ ಬೇಕು, ತಜ್ಞರು ಬೇಕು, ತಜ್ಞತೆಯನ್ನು ಜನರಿಗೆ ತಲುಪಿಸುವ ಭಾಷೆಯೂ ಬೇಕು. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು 1918ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರತಂದದ್ದು ಇದೇ ವಾತಾವರಣದಲ್ಲಿ. ಭದ್ರಾವತಿಯ ಯೋಜನೆ ಹಾಗೂ ಈ ವಿಜ್ಞಾನ ಪತ್ರಿಕೆ ಒಂದೇ ವರ್ಷದ ಕೂಸುಗಳೆಂಬುದು ಕನ್ನಡ ಗದ್ಯಚರಿತ್ರೆಯ ಅಭ್ಯಾಸಿಗಳು ನೆನಪಿನಲ್ಲಿಡಬೇಕಾದ ಸಂಗತಿ.

ಮೊದಲ ಮಹಾಯುದ್ಧ ಈ ಯೋಜನೆಗೆ ಒಂದೆಡೆ ಅಡಚಣೆ, ಇನ್ನೊಂದೆಡೆ ಅವಕಾಶ. ಜರ್ಮನಿಗೆ ಹೋಗುತ್ತಿದ್ದ ಶ್ರೀಗಂಧದ ಮಾರುಕಟ್ಟೆ ಯುದ್ಧದಿಂದ ಕುಸಿದಾಗ, ಗಂಧದ ಎಣ್ಣೆಯನ್ನು ಸಂಸ್ಥಾನದಲ್ಲಿಯೇ ತೆಗೆಯುವ ನಿರ್ಧಾರವಾಯಿತು. ಬೆಂಗಳೂರಿನಲ್ಲಿ 1916ರಲ್ಲಿಯೂ ಮೈಸೂರು ನಗರದಲ್ಲಿ 1917ರಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆಗಳು ಆರಂಭವಾದವು. ಮರವನ್ನು ಕಚ್ಚಾ ರೂಪದಲ್ಲಿ ಮಾರುವುದಕ್ಕಿಂತ ಅದರ ಸತ್ವವನ್ನು ಬಟ್ಟಿಯಿಳಿಸಿ ಮಾರುವುದು ಲಾಭಕರವೆಂಬುದನ್ನು ಮೈಸೂರಿನ ಕಾರ್ಖಾನೆ ತೋರಿಸಿಕೊಟ್ಟಿತು. ಕಬ್ಬಿಣದ ಯೋಜನೆಯಲ್ಲಿಯೂ ಕಾಣುವುದು ಇದೇ ತರ್ಕ. ಸೌದೆಯನ್ನು ಬಯಲಿನಲ್ಲಿ ಗೂಡು ಹಾಕಿ ಸುಟ್ಟರೆ ಇದ್ದಿಲು ಮಾತ್ರ ಸಿಗುತ್ತದೆ, ಉಳಿದದ್ದೆಲ್ಲ ಹೊಗೆಯಾಗಿ ಹೋಗುತ್ತದೆ. ಮುಚ್ಚಿದ ಕಬ್ಬಿಣದ ಪಾತ್ರೆಗಳಲ್ಲಿ ಕಾಯಿಸಿದರೆ ಇದ್ದಿಲಿನ ಜೊತೆಗೆ ಮಿಥೈಲ್ ಆಲ್ಕೊಹಾಲ್, ಅಸಿಟೇಟ್ ಆಫ್ ಲೈಮ್ ಮತ್ತು ಮರದ ಟಾರ್ ದೊರೆಯುತ್ತವೆ. ಅಸಿಟೇಟಿನಿಂದ ತೆಗೆಯುವ ಅಸಿಟೋನ್ ಕಾರ್ಡೈಟ್ ಎಂಬ ಸಿಡಿಮದ್ದಿನ ತಯಾರಿಕೆಗೆ ಬೇಕಾಗಿದ್ದುದರಿಂದ ಯುದ್ಧಕಾಲದಲ್ಲಿ ಅದರ ಬೆಲೆ ಏರಿತ್ತು. ಈ ಉಪಪದಾರ್ಥಗಳ ಆದಾಯ ಇದ್ದಿಲಿನ ವೆಚ್ಚವನ್ನು ಭರಿಸುತ್ತದೆಂಬ ಲೆಕ್ಕಾಚಾರದ ಮೇಲೆ ಇಡೀ ಯೋಜನೆ ನಿಂತಿತ್ತು. ಕಾರ್ಖಾನೆಗೆ ಇಟ್ಟ ಹೆಸರಿನಲ್ಲಿಯೇ ಕಬ್ಬಿಣಕ್ಕಿಂತ ಮೊದಲು ಮರದ ಬಟ್ಟಿಯ ಉಲ್ಲೇಖವಿದೆ: ಮೈಸೂರು ವುಡ್ ಡಿಸ್ಟಿಲೇಶನ್ ಅಂಡ್ ಐರನ್ ವರ್ಕ್ಸ್.

ಆಯ್ಕೆಯಾದ ಸ್ಥಳ ಭದ್ರಾ ನದಿಯ ದಂಡೆಯ ಬೆಂಕಿಪುರ. ವಂಕಿಪುರವೆಂಬ ರೂಪವೂ ಇರುವ ಈ ಊರು ಮುಂದೆ ಭದ್ರಾವತಿಯಾಯಿತು. ಬೀರೂರು-ಶಿವಮೊಗ್ಗ ರೈಲುಮಾರ್ಗ, ಕೆಮ್ಮಣ್ಣುಗುಂಡಿಯ ಅದಿರು, ಸಮೀಪದಲ್ಲಿಯೇ ಸುಣ್ಣಕಲ್ಲು, ನದಿಯ ನೀರು, ಸುತ್ತ ಶಿವಮೊಗ್ಗ ಮತ್ತು ಕಡೂರು ಜಿಲ್ಲೆಗಳ ಕಾಡು ಇವೆಲ್ಲವೂ ಅಲ್ಲಿ ಕೂಡಿಬರುತ್ತಿದ್ದವು. 1918ರಲ್ಲಿ ಕೆಲಸ ಆರಂಭವಾಯಿತು.

ಅದೇ ವರ್ಷದ ಕೊನೆಗೆ ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ತ್ಯಜಿಸಿದರು. ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರ ಸಮುದಾಯಗಳಿಗೆ ನ್ಯಾಯವಾದ ಪಾಲು ದೊರೆಯಬೇಕೆಂಬ ಬೇಡಿಕೆ ಪ್ರಬಲವಾಗಿ, ಅದನ್ನು ಪರಿಶೀಲಿಸಲು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಲಾಗಿತ್ತು. ಅರ್ಹತೆಯೊಂದೇ ಮಾನದಂಡವಾಗಬೇಕೆಂಬುದು ವಿಶ್ವೇಶ್ವರಯ್ಯನವರ ನಿಲುವು. ಅರ್ಹತೆಯನ್ನು ಗಳಿಸುವ ಅವಕಾಶವೇ ಅಸಮಾನವಾಗಿ ಹಂಚಿಕೆಯಾಗಿದೆ ಎಂಬುದು ಚಳವಳಿಯ ವಾದ. ಚರಿತ್ರೆ ಎರಡನೆಯದರ ಪರವಾಗಿ ನಡೆಯಿತು. ಸಂಪತ್ತನ್ನು ಉತ್ಪಾದಿಸುವ ಬಗೆಯನ್ನು ಅಷ್ಟು ಸೂಕ್ಷ್ಮವಾಗಿ ಯೋಚಿಸಿದ ಎಂಜಿನಿಯರರಿಗೆ ಅದರ ಹಂಚಿಕೆಯ ಪ್ರಶ್ನೆ ಅಷ್ಟೇ ಸ್ಪಷ್ಟವಾಗಿ ಕಾಣಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗುತ್ತದೆ.

5. ಭದ್ರಾವತಿ: ನಷ್ಟ ಮತ್ತು ಹೊಣೆ

1923ರ ಜನವರಿ 18ರಂದು ಭದ್ರಾವತಿಯ ಕುಲುಮೆ ಕಾರ್ಯಾರಂಭ ಮಾಡಿತು. ಆದರೆ ಯೋಜನೆ ರೂಪುಗೊಂಡಾಗಿನ ಜಗತ್ತು ಅಷ್ಟರಲ್ಲಿ ಬದಲಾಗಿತ್ತು. ಯುದ್ಧ ಮುಗಿದು ಬೀಡು ಕಬ್ಬಿಣದ ಬೆಲೆ ಕುಸಿದಿತ್ತು. ಸಿಡಿಮದ್ದಿನ ಬೇಡಿಕೆ ಇಳಿದು ಅಸಿಟೋನಿನ ಬೆಲೆಯೂ ಬಿದ್ದಿತ್ತು. ಇದಕ್ಕಿಂತ ದೊಡ್ಡ ಹೊಡೆತ ಬಿದ್ದದ್ದು ರಸಾಯನಶಾಸ್ತ್ರದಿಂದ. ಅದೇ 1923ರಲ್ಲಿ ಜರ್ಮನಿಯ ಬಿಎಎಸ್ಎಫ್ ಕಂಪನಿ ಲೊಯ್ನಾ ಎಂಬಲ್ಲಿ ಮಿಥೈಲ್ ಆಲ್ಕೊಹಾಲನ್ನು ಸಂಶ್ಲೇಷಿತ ಕ್ರಮದಲ್ಲಿ, ಮರದ ನೆರವಿಲ್ಲದೆ, ತಯಾರಿಸತೊಡಗಿತು. ಅದಕ್ಕೆ ಬೇಕಾದ ಅನಿಲವನ್ನು ಪಡೆದದ್ದು ಕಲ್ಲಿದ್ದಲಿನ ಮೂಲದಿಂದ. ಮೈಸೂರಿನಲ್ಲಿಲ್ಲದ ಕಲ್ಲಿದ್ದಲು ಹೀಗೆ ಪರೋಕ್ಷವಾಗಿ ಬಂದು ಮೈಸೂರಿನ ಇದ್ದಿಲಿನ ಲೆಕ್ಕವನ್ನು ಕೆಡಿಸಿತು.

ಕಾರ್ಖಾನೆ ನಷ್ಟಕ್ಕೆ ಸಿಲುಕಿತು. ಬಡ ಸಂಸ್ಥಾನದ ಸಾರ್ವಜನಿಕ ಹಣವನ್ನು ಕುಲುಮೆಗೆ ಸುರಿಯಲಾಯಿತೆಂಬ ಟೀಕೆ ಕೇಳಿಬಂದಿತು. ಅಧಿಕಾರದಿಂದ ಹೊರಗಿದ್ದ ವಿಶ್ವೇಶ್ವರಯ್ಯನವರು ಈ ಹಂತದಲ್ಲಿ ದೂರ ಉಳಿಯಬಹುದಾಗಿತ್ತು. ಆದರೆ ಸಂಸ್ಥಾನದ ಕೋರಿಕೆಯನ್ನು ಮನ್ನಿಸಿ 1923ರಲ್ಲಿ ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷರಾಗಿ 1929ರವರೆಗೆ ದುಡಿದರು. ತಾನು ರೂಪಿಸಿದ ಯೋಜನೆ ಸೋಲುತ್ತಿರುವಾಗ ಅದರ ಹೊಣೆಯನ್ನು ಹೊರಲು ಹಿಂತಿರುಗಿದ ಈ ನಡೆಯಲ್ಲಿ, ಕನ್ನಂಬಾಡಿಯ ಯಶಸ್ಸಿನಲ್ಲಿ ಕಾಣದ ಅವರ ಸ್ವಭಾವದ ಒಂದು ಮುಖ ಗೋಚರಿಸುತ್ತದೆ.

ಅಧ್ಯಕ್ಷರಾಗಿ ಅವರು ಅನುಸರಿಸಿದ ಕ್ರಮಗಳು ಮುಖ್ಯವಾಗಿ ಎರಡು. ದುಬಾರಿ ಸಂಬಳದ ವಿದೇಶಿ ತಜ್ಞರ ಸ್ಥಾನಗಳಿಗೆ ಹಂತಹಂತವಾಗಿ ಸಂಸ್ಥಾನದಲ್ಲಿ ತರಬೇತಾದ ಎಂಜಿನಿಯರುಗಳನ್ನು ತಂದುದು ಮೊದಲನೆಯದು. ಕಬ್ಬಿಣವನ್ನು ಕಚ್ಚಾ ಸರಕಾಗಿ ಮಾರುವುದರ ಬದಲು ಎರಕದ ಕೊಳವೆಗಳಂಥ ಸಿದ್ಧ ವಸ್ತುಗಳತ್ತ ಹೊರಳಿದುದು ಎರಡನೆಯದು. ಸುಕ್ಕೂರು, ಏಡನ್‌ಗಳಲ್ಲಿ ನೀರಿನ ಕೊಳವೆಗಳನ್ನು ಹಾಕಿಸಿದ ಎಂಜಿನಿಯರ್ ಈಗ ಕೊಳವೆಯನ್ನೇ ತಯಾರಿಸುವ ಕೆಲಸಕ್ಕೆ ನಿಂತಿದ್ದರು. ಈ ಸೇವೆಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಅವರು ಸ್ವಂತಕ್ಕೆ ಬಳಸಿಕೊಳ್ಳದೆ, ಕಸುಬಿನ ಶಿಕ್ಷಣದ ಸಂಸ್ಥೆಯೊಂದಕ್ಕೆ ವಿನಿಯೋಗವಾಗುವಂತೆ ಮಾಡಿದರು. ಬೆಂಗಳೂರಿನಲ್ಲಿ 1943ರಲ್ಲಿ ಆರಂಭವಾದ ಆ ಸಂಸ್ಥೆಗೆ ಅವರ ಹೆಸರಲ್ಲ, ಜಯಚಾಮರಾಜೇಂದ್ರ ಒಡೆಯರ ಹೆಸರಿದೆ. ಕಾರ್ಖಾನೆಯೂ ಬೆಳೆಯಿತು. ಮೂವತ್ತರ ದಶಕದಲ್ಲಿ ಉಕ್ಕಿನ ವಿಭಾಗ ಸೇರಿ, ಅದು ಮೈಸೂರು ಐರನ್ ಅಂಡ್ ಸ್ಟೀಲ್ ವರ್ಕ್ಸ್ ಆಯಿತು.

6. ಕಾಡಿನ ಲೆಕ್ಕ

ಈ ಯಶಸ್ಸಿನ ಇನ್ನೊಂದು ಬದಿಯನ್ನು ಗಮನಿಸದೆ ಹೋದರೆ ಓದು ಅಪೂರ್ಣವಾಗುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಒಂದು ಟನ್ ಬೀಡು ಕಬ್ಬಿಣಕ್ಕೆ ಸುಮಾರು ಒಂದು ಟನ್ ಇದ್ದಿಲು ಬೇಕು. ಒಂದು ಟನ್ ಇದ್ದಿಲಿಗೆ ಮೂರೂವರೆಯಿಂದ ನಾಲ್ಕು ಟನ್ ಸೌದೆ ಬೇಕು. ಈ ಲೆಕ್ಕದಲ್ಲಿ ದಿನಕ್ಕೆ 60 ಟನ್ ಕಬ್ಬಿಣ ಕೊಡುವ ಕುಲುಮೆಯೊಂದು ದಿನವೂ 200 ಟನ್ನಿಗೂ ಮಿಗಿಲಾದ, ವರ್ಷಕ್ಕೆ 70,000 ಟನ್ನಿಗೂ ಹೆಚ್ಚಿನ ಸೌದೆಯನ್ನು ಬೇಡುತ್ತದೆ. ಕಡಿದ ಕಾಡು ಮತ್ತೆ ಬೆಳೆಯಲು ದಶಕಗಳೇ ಹಿಡಿಯುತ್ತವೆ. ಸೌದೆಯನ್ನು ಸಾಗಿಸಲು ಕಾಡಿನೊಳಕ್ಕೆ ಟ್ರಾಮ್ ಹಳಿಗಳು ಚಾಚಿಕೊಂಡವು. ಮಾಗಡಿ, ಮಧುಗಿರಿಗಳ ಹಳೆಯ ಕುಲುಮೆ ತನ್ನ ಸುತ್ತಲಿನ ಕುರುಚಲು ಕಾಡಿನ ಅಳತೆಗೆ ತಕ್ಕಷ್ಟೇ ಉರಿಯುತ್ತಿತ್ತು. ಆಧುನಿಕ ಕುಲುಮೆ ಹಗಲಿರುಳೂ ಆರದೆ ಉರಿಯಬೇಕು, ಕಾಡು ಅದರ ಅಳತೆಗೆ ಒಗ್ಗಬೇಕು. ಎರಡೂ ಇದ್ದಿಲಿನವೇ ಆದರೂ ಅವುಗಳ ನಡುವಣ ವ್ಯತ್ಯಾಸ ಗಾತ್ರದ್ದಷ್ಟೇ ಅಲ್ಲ, ಕಾಡಿನೊಡನೆ ಇರುವ ಸಂಬಂಧದ್ದು.

ಸೌದೆ ಕಡಿದವರು, ಹೊತ್ತವರು, ಕುಲುಮೆಯ ಬಾಯಲ್ಲಿ ನಿಂತವರು ವಿಶ್ವೇಶ್ವರಯ್ಯನವರ ಜೀವನಕಥನಗಳಲ್ಲಿ ವಿರಳವಾಗಿ ಕಾಣಿಸಿಕೊಳ್ಳುತ್ತಾರೆ. ಸಂಸ್ಥಾನದ ಆಧುನಿಕತೆಯ ಸಂಕಥನವು ಎಂಜಿನಿಯರನ್ನು ನಾಯಕನನ್ನಾಗಿಸಿ, ಕಾಡನ್ನೂ ಕೂಲಿಯನ್ನೂ ಸಂಪನ್ಮೂಲವೆಂಬ ಒಂದೇ ಪದದೊಳಗೆ ಅಡಗಿಸಿತು. ಆದರೆ ಈ ಟೀಕೆಯನ್ನು ಮಾಡುವಾಗ ಅಂದಿನ ಪರ್ಯಾಯಗಳನ್ನೂ ತೂಗಬೇಕು. ಕಬ್ಬಿಣವನ್ನು ಆಮದು ಮಾಡಿಕೊಳ್ಳುತ್ತ ಕೃಷಿ ಸಂಸ್ಥಾನವಾಗಿಯೇ ಉಳಿಯುವುದು ಒಂದು ಪರ್ಯಾಯ. ದೂರದ ಕೋಕನ್ನು ರೈಲಿನಲ್ಲಿ ತರಿಸುವುದು ಇನ್ನೊಂದು, ಅದರಿಂದ ಕಾಡು ಉಳಿಯುತ್ತಿತ್ತಾದರೂ ಕಬ್ಬಿಣ ದುಬಾರಿಯಾಗುತ್ತಿತ್ತು, ಗಣಿಯ ಗಾಯ ಬೇರೊಂದು ನೆಲಕ್ಕೆ ವರ್ಗವಾಗುತ್ತಿತ್ತು. ಇಂಗಾಲವಿಲ್ಲದೆ ಕಬ್ಬಿಣ ಮಾಡುವ ದಾರಿ ಅಂದಿನ ಉದ್ಯಮದ ಮುಂದೆ ಇರಲಿಲ್ಲ.

7. ವಿದ್ಯುತ್ತಿನ ಕುಲುಮೆ ಮತ್ತು ಕೊನೆಯ ವರ್ಷಗಳು

1927ರಿಂದ 1955ರವರೆಗೆ ವಿಶ್ವೇಶ್ವರಯ್ಯನವರು ಟಾಟಾ ಉಕ್ಕಿನ ಕಂಪನಿಯ ನಿರ್ದೇಶಕರಲ್ಲೊಬ್ಬರಾಗಿದ್ದರು. ಕೋಕ್ ಬಳಸುವ ಕಾರ್ಖಾನೆಯನ್ನೂ ಇದ್ದಿಲು ಬಳಸುವ ಕಾರ್ಖಾನೆಯನ್ನೂ ಒಳಗಿನಿಂದ ಬಲ್ಲವರು ಅವರು. 1951ರಲ್ಲಿ ಅವರ ಆತ್ಮಕಥನ ಇಂಗ್ಲಿಷಿನಲ್ಲಿ ಪ್ರಕಟವಾಯಿತು. 1955ರಲ್ಲಿ ಭಾರತರತ್ನ ಪ್ರಶಸ್ತಿ ಸಂದಿತು.

ಜೋಗದ ಜಲಪಾತವನ್ನು ಕಂಡು ಅವರು ಶಕ್ತಿ ವ್ಯರ್ಥವಾಗುತ್ತಿದೆಯೆಂದು ಹಲುಬಿದರೆಂಬ ಐತಿಹ್ಯವೊಂದು ಪ್ರಚಲಿತವಾಗಿದೆ. ಅದರ ನಿಜಾಂಶ ಏನೇ ಇರಲಿ, ನಲವತ್ತರ ದಶಕದ ಕೊನೆಗೆ ಶರಾವತಿಯ ವಿದ್ಯುತ್ತು ಹರಿಯತೊಡಗಿತು. 1952ರಲ್ಲಿ ಭದ್ರಾವತಿಯಲ್ಲಿ ವಿದ್ಯುತ್ ಕುಲುಮೆಗಳು ಬೀಡು ಕಬ್ಬಿಣವನ್ನು ಕರಗಿಸಲು ಆರಂಭಿಸಿದವು. ಶಿವನಸಮುದ್ರದಿಂದ ಮೊದಲಾದ ನೀರಿನ ಉತ್ತರವೂ ಬೆಂಕಿಪುರದಿಂದ ಮೊದಲಾದ ಇದ್ದಿಲಿನ ಉತ್ತರವೂ ಇಲ್ಲಿ ಒಂದೆಡೆ ಸೇರಿದವು. ಶಾಖದ ಹೊರೆಯನ್ನು ವಿದ್ಯುತ್ತು ಹೊತ್ತುಕೊಂಡುದರಿಂದ ಪ್ರತಿ ಟನ್ ಕಬ್ಬಿಣಕ್ಕೆ ಬೇಕಾಗುವ ಇಂಗಾಲ ಗಣನೀಯವಾಗಿ ಇಳಿಯಿತು. ಆದರೆ ಇಲ್ಲವಾಗಲಿಲ್ಲ. ಅದಿರಿನ ಆಮ್ಲಜನಕವನ್ನು ಸೆಳೆಯಲು, ಕಬ್ಬಿಣದೊಳಗೆ ನೆಲೆಸಲು ಅದು ಬೇಕೇ ಆಗಿತ್ತು. ಉರುವಲಿನ ಸ್ಥಾನದಿಂದ ಇಳಿದ ಇಂಗಾಲ ಪದಾರ್ಥದ ಸ್ಥಾನದಲ್ಲಿ ಉಳಿಯಿತು. ಮಾಗಡಿಯ ಕಮ್ಮಾರ ಮೂಸೆಯ ಒಳಗಿಟ್ಟ ತಂಗಡಿಯ ಕಡ್ಡಿ ಮಾಡುತ್ತಿದ್ದ ಕೆಲಸವೂ ಈ ಬಗೆಯದೇ.

1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ವಿಶ್ವೇಶ್ವರಯ್ಯನವರು ನಿಧನರಾದರು. ಅವರ ಸಮಾಧಿ ಮುದ್ದೇನಹಳ್ಳಿಯಲ್ಲಿದೆ. ಎಪ್ಪತ್ತರ ದಶಕದಲ್ಲಿ ಭದ್ರಾವತಿಯ ಕಾರ್ಖಾನೆಗೆ ಅವರ ಹೆಸರನ್ನಿಡಲಾಯಿತು. 1989ರಲ್ಲಿ ಅದು ಭಾರತೀಯ ಉಕ್ಕು ಪ್ರಾಧಿಕಾರದ ಅಂಗಸಂಸ್ಥೆಯಾಗಿ, 1998ರಲ್ಲಿ ಅದರಲ್ಲಿ ವಿಲೀನವಾಯಿತು. 2023ರ ಜನವರಿಯಲ್ಲಿ, ಕುಲುಮೆ ಹೊತ್ತಿ ನೂರು ವರ್ಷ ತುಂಬಿದ ತಿಂಗಳಿನಲ್ಲಿಯೇ, ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದು ಕಾರ್ಮಿಕರು ಹೋರಾಟಕ್ಕೆ ಇಳಿದರು.

ಒಟ್ಟಿನಲ್ಲಿ, ವಿಶ್ವೇಶ್ವರಯ್ಯನವರ ಇದ್ದಿಲಿನ ಯೋಜನೆ ಲಾಭನಷ್ಟದ ಮೂಲ ಲೆಕ್ಕದಲ್ಲಿ ತಪ್ಪಿತು, ಕಾಡಿನ ಲೆಕ್ಕವನ್ನು ತೀರಿಸದೆ ಉಳಿಸಿತು. ಆದರೂ ಕಲ್ಲಿದ್ದಲಿಲ್ಲವೆಂಬ ಕಾರಣಕ್ಕೆ ಒಂದು ನಾಡು ಕಬ್ಬಿಣದ ವಿದ್ಯೆಯನ್ನೇ ಬಿಟ್ಟುಕೊಡಬೇಕಾಗಿಲ್ಲವೆಂಬುದನ್ನು ಅದು ತೋರಿಸಿತು. ಕೈಗಾರಿಕೆ ಯಾರಿಗಾಗಿ, ಯಾವ ಬೆಲೆಗೆ ಎಂಬ ಪ್ರಶ್ನೆಯನ್ನು ಕೇಳಬಲ್ಲ, ಕುಲುಮೆಯ ಒಳಹೊರಗನ್ನು ಅರಿತ ಒಂದು ತಲೆಮಾರನ್ನು ಅದು ರೂಪಿಸಿತು. ಕನ್ನಂಬಾಡಿಯ ಕಥೆ ಅವರ ಗೆಲುವನ್ನು ಹೇಳಿದರೆ, ಭದ್ರಾವತಿಯ ಕಥೆ ಅವರ ಗೆಲುವು ಸೋಲುಗಳೆರಡನ್ನೂ ಹೇಳುತ್ತದೆ. ಜೀವನಚರಿತ್ರೆಯ ಅಧ್ಯಯನಕ್ಕೆ ಎರಡನೆಯದು ಹೆಚ್ಚು ಉಪಯುಕ್ತವಾದ ಆಕರ.